ಪರೀಕ್ಷೆಯ ಬ್ರೌಸರ್: ಒಂದೇ ಕೋಡ್ ಸಾಕಾ, ಪ್ರತಿ ಸಿಸ್ಟಮ್‌ಗೂ ಬೇರೆ ಬರೆಯಬೇಕಾ?

ಪ್ರಶ್ನೆ: ನಾವು ಮೂವರು ಸೇರಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೇವೆ. ಧಾರವಾಡದ ಸಪ್ತಾಪುರದ ಕೋಚಿಂಗ್ ಸೆಂಟರ್‌ಗಳಿಗೆ, ಗದಗ ಮತ್ತು ಹಾವೇರಿಯ ಕೆಲವು ಕಾಲೇಜುಗಳಿಗೆ ಆನ್‌ಲೈನ್ ಮಾಕ್ ಟೆಸ್ಟ್ ನಡೆಸಿಕೊಡುತ್ತೇವೆ. ಪರೀಕ್ಷೆ ಮುಗಿಯುವ ತನಕ ಬೇರೇನೂ ತೆರೆಯಲು ಬಿಡದ ನಮ್ಮದೇ ಬ್ರೌಸರ್ ಮಾಡಬೇಕು ಅಂತಿದ್ದೇವೆ. ಲ್ಯಾಬ್‌ಗಳಲ್ಲಿ ಹಳೆಯ ವಿಂಡೋಸ್ ಕಂಪ್ಯೂಟರ್‌ಗಳಿವೆ. ವಿದ್ಯಾರ್ಥಿಗಳ ಕೈಯಲ್ಲಿ ಆಂಡ್ರಾಯ್ಡ್ ಫೋನ್. ಒಂದು ಕಾಲೇಜಿನಲ್ಲಿ ಮ್ಯಾಕ್ ಲ್ಯಾಬ್ ಇದೆ. ಎಲೆಕ್ಟ್ರಾನ್ ಅಥವಾ ಫ್ಲಟರ್‌ನಂಥ, ಒಂದೇ ಕೋಡಿನಿಂದ ಹಲವು ಸಿಸ್ಟಮ್‌ಗೆ ಆ್ಯಪ್ ಕಟ್ಟುವ ಸಾಧನದಲ್ಲಿ ಒಮ್ಮೆ ಬರೆದು ಎಲ್ಲಾ ಕಡೆ ಓಡಿಸುವುದು ಒಳ್ಳೆಯದಾ, ಅಥವಾ ಪ್ರತಿಯೊಂದಕ್ಕೂ ನೇಟಿವ್ ಆಗಿ, ಅಂದರೆ ಆಯಾ ಸಿಸ್ಟಮ್‌ನ ಸ್ವಂತ ಸಾಧನಗಳಲ್ಲೇ ಬೇರೆಯಾಗಿ, ಬರೆಯಬೇಕಾ?

ಉತ್ತರ: ಎಲೆಕ್ಟ್ರಾನ್ ಇರುವುದು ವಿಂಡೋಸ್, ಮ್ಯಾಕ್, ಲಿನಕ್ಸ್‌ಗೆ ಮಾತ್ರ. ಆಂಡ್ರಾಯ್ಡ್ ಫೋನಿನಲ್ಲಿ ಅದು ಓಡುವುದಿಲ್ಲ. ಹಾಗಾಗಿ ‘ಒಮ್ಮೆ ಬರೆದರೆ ಮುಗೀತು’ ಎನ್ನುವ ಆಸೆ ನಿಮ್ಮ ಪಟ್ಟಿಯ ಎರಡನೇ ಹೆಸರಿಗೇ ನಿಂತುಹೋಗುತ್ತದೆ. ಫ್ಲಟರ್ ಎಲ್ಲಾ ಕಡೆ ಓಡುತ್ತದೆ, ನಿಜ. ಆದರೆ ಅದು ತನ್ನ ಪರದೆಯನ್ನು ತಾನೇ ಬಿಡಿಸಿಕೊಳ್ಳುವ ಸಾಧನ. ವೆಬ್ ಪುಟ ತೋರಿಸಬೇಕು ಅಂದರೆ ಆಯಾ ಸಿಸ್ಟಮ್‌ನ ವೆಬ್‌ವ್ಯೂ, ಅಂದರೆ ಆ್ಯಪ್‌ನೊಳಗೆ ವೆಬ್ ಪುಟ ತೋರಿಸುವ ತುಣುಕು, ತಂದು ಅದರೊಳಗೆ ಕೂರಿಸಬೇಕು. ನಿಮ್ಮ ಆ್ಯಪ್‌ನಲ್ಲಿ ವೆಬ್ ಪುಟ ಬಿಟ್ಟರೆ ಇರುವುದೇನು? ಒಂದು ಲಾಗಿನ್, ಬ್ಯಾಟರಿ ಎಷ್ಟಿದೆ ಅನ್ನುವ ಗುರುತು, ಒಂದು ‘ಮುಗಿಸು’ ಗುಂಡಿ. ಅಷ್ಟಕ್ಕೆ ಫ್ಲಟರ್ ಯಾಕೆ?

ನನ್ನ ಸಲಹೆ ಇದು. ಹೊರಗಿನ ಚೌಕಟ್ಟನ್ನು, ಅಂದರೆ ಕಿಟಕಿ ಮತ್ತು ಬೀಗದ ಕೆಲಸವನ್ನು, ವಿಂಡೋಸ್‌ಗೆ ಒಂದು ಆಂಡ್ರಾಯ್ಡ್‌ಗೆ ಒಂದು ಎಂದು ನೇಟಿವ್ ಆಗಿಯೇ ಬರೆಯಿರಿ. ಪುಟ ತೋರಿಸುವ ಎಂಜಿನ್ ಆಯಾ ಸಿಸ್ಟಮ್ ಕೊಟ್ಟದ್ದೇ ಇರಲಿ. ಉಳಿದದ್ದೆಲ್ಲ, ಅಂದರೆ ಪ್ರಶ್ನೆ ತೋರಿಸುವುದು, ಮುಂದೆ ಹಿಂದೆ ಹೋಗುವುದು, ಸಮಯ ತೋರಿಸುವುದು, ಉತ್ತರ ಉಳಿಸುವುದು, ವೆಬ್ ಪುಟದೊಳಗೇ ಇರಲಿ. ನೀವು ಮಾಡುತ್ತಿರುವುದು ಬ್ರೌಸರ್ ತಾನೇ? ಎಲ್ಲಾ ಕಡೆ ಓಡುವ ಕೋಡ್ ಇಡುವ ಜಾಗ ಅದರ ಒಳಗೇ ಇದೆ. ಅದರ ಹೊರಗೆ ಎಲ್ಲಾ ಸಿಸ್ಟಮ್‌ಗೂ ಒಂದೇ ಆದ ಇನ್ನೊಂದು ಹಂಚಿಕೆಯ ಪದರ ಕಟ್ಟಿದರೆ ಮೂವರ ತಂಡಕ್ಕೆ ಕೆಲಸ ಜಾಸ್ತಿಯೇ ಆಗುತ್ತದೆ.

‘ದೊಡ್ಡ ಬ್ರೌಸರ್‌ಗಳೆಲ್ಲ ಒಂದೇ ಕೋಡ್ ಬಳಸುತ್ತವಲ್ಲ’ ಎಂದು ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರ ಕಥೆ ಅಷ್ಟು ಸರಳ ಅಲ್ಲ. ಗೂಗಲ್ ಕ್ರೋಮ್ 2008ರ ಸೆಪ್ಟೆಂಬರ್‌ನಲ್ಲಿ ವಿಂಡೋಸ್‌ಗೆ ಮಾತ್ರ ಬಂತು. ಮ್ಯಾಕ್ ಮತ್ತು ಲಿನಕ್ಸ್‌ಗೆ ಸ್ಥಿರ ಆವೃತ್ತಿ ಬಂದದ್ದು 2010ರ ಮೇನಲ್ಲಿ. ಆಗ ಎಂಜಿನ್ ಒಂದೇ ಇದ್ದರೂ ಟ್ಯಾಬ್, ಗುಂಡಿ, ಮೆನುಗಳನ್ನು ಮ್ಯಾಕ್‌ನಲ್ಲಿ ಕೊಕೊವಾ, ಲಿನಕ್ಸ್‌ನಲ್ಲಿ ಜಿಟಿಕೆ ಎನ್ನುವ ಆಯಾ ಸಿಸ್ಟಮ್‌ನ ಸಾಧನಗಳಲ್ಲಿ ಬೇರೆಯಾಗಿಯೇ ಬರೆದಿದ್ದರು. ಪ್ರತಿ ಹೊಸ ಸೌಲಭ್ಯವನ್ನೂ ಮೂರು ಸಲ ಬರೆಯುವ ಕೆಲಸ ಅದು. ಕೊನೆಗೆ 2014ರಲ್ಲಿ ಲಿನಕ್ಸ್, 2018ರಲ್ಲಿ ಮ್ಯಾಕ್, ಎರಡೂ ಕ್ರೋಮಿಯಂನ (ಕ್ರೋಮ್‌ನ ತಳಹದಿಯಾದ ಮುಕ್ತ ಕೋಡ್) ಸ್ವಂತ ‘ವ್ಯೂಸ್’ ಎನ್ನುವ ಹಂಚಿಕೆಯ ಪದರಕ್ಕೆ ಬಂದವು. ಅಂದರೆ ನೇಟಿವ್‌ನಿಂದ ಹಂಚಿಕೆಗೆ.

ಫೈರ್‌ಫಾಕ್ಸ್ ಆಂಡ್ರಾಯ್ಡ್‌ನಲ್ಲಿ ಸರಿಯಾಗಿ ಉಲ್ಟಾ ಹೋಯಿತು. 2011ರಲ್ಲಿ ಬಂದ ಮೊದಲ ಆವೃತ್ತಿಯಲ್ಲಿ ಡೆಸ್ಕ್‌ಟಾಪ್‌ನ ಹಾಗೆಯೇ ಗುಂಡಿ, ಮೆನುಗಳ ಇಡೀ ಮೇಲ್ಮೈ ಝೂಲ್ ಎನ್ನುವ ಹಂಚಿಕೆಯ ಭಾಷೆಯಲ್ಲಿತ್ತು. ಅಂದಿನ ಫೋನ್‌ಗಳಿಗೆ ಅದು ಭಾರ. ತೆರೆಯುವುದಕ್ಕೇ ತಡ, ಮೆಮೊರಿಯೂ ಜಾಸ್ತಿ ತಿನ್ನುತ್ತಿತ್ತು. 2012ರಲ್ಲಿ ಮೇಲ್ಮೈಯನ್ನು ಆಂಡ್ರಾಯ್ಡ್‌ನ ಸ್ವಂತ ಸಾಧನಗಳಲ್ಲಿ ಮತ್ತೆ ಬರೆದರು. 2020ರಲ್ಲಿ ಇನ್ನೊಮ್ಮೆ, ಈ ಸಲ ಕಾಟ್ಲಿನ್ ಭಾಷೆಯಲ್ಲಿ, ಒಳಗೆ ಗೆಕ್ಕೊವ್ಯೂ ಎನ್ನುವ ರೂಪದಲ್ಲಿ ತಮ್ಮದೇ ಎಂಜಿನ್ ಇಟ್ಟುಕೊಂಡು. ಪಾಸ್‌ವರ್ಡ್, ಇತಿಹಾಸ, ಸಿಂಕ್ ಮುಂತಾದ ಒಳಗಿನ ಕೆಲಸಗಳನ್ನು ಮಾತ್ರ ರಸ್ಟ್ ಭಾಷೆಯಲ್ಲಿ ಬರೆದು ಆಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ ಹಂಚಿದರು.

ಇಬ್ಬರೂ ದಡ್ಡರಲ್ಲ. ಕ್ರೋಮ್‌ಗೆ ದಿನಕ್ಕೊಂದು ಹೊಸ ಗುಂಡಿ ಬರುತ್ತದೆ, ಅದನ್ನು ಮೂರು ಕಡೆ ಬರೆಯುವುದು ವ್ಯರ್ಥ. ಫೋನಿನ ಫೈರ್‌ಫಾಕ್ಸ್‌ಗೆ ಗುಂಡಿಗಳು ಕಡಿಮೆ, ಆದರೆ ಫೋನಿನ ಜೊತೆ ಮಾತುಕತೆ ಜಾಸ್ತಿ. ನಿಮ್ಮ ಬ್ರೌಸರ್ ಎರಡನೇ ಜಾತಿಗೆ ಸೇರಿದ್ದು. ಅಡ್ರೆಸ್ ಬಾರ್ ಇಲ್ಲ, ಟ್ಯಾಬ್ ಇಲ್ಲ, ಬುಕ್‌ಮಾರ್ಕ್ ಇಲ್ಲ. ಇರುವುದೆಲ್ಲ ಕೀಬೋರ್ಡ್ ತಡೆಯುವುದು, ಪರದೆ ಹಿಡಿಯುವುದು, ಸ್ಕ್ರೀನ್‌ಶಾಟ್ ನಿಲ್ಲಿಸುವುದು. ಇವೆಲ್ಲ ಆಪರೇಟಿಂಗ್ ಸಿಸ್ಟಮ್‌ನ ಕೈಯಲ್ಲಿರುವ ಕೆಲಸಗಳು.

ವಿಂಡೋಸ್‌ನಲ್ಲಿ ಆಲ್ಟ್-ಟ್ಯಾಬ್ ಮತ್ತು ವಿಂಡೋಸ್ ಕೀ ತಡೆಯುವ ರೂಢಿಯ ದಾರಿ ಕೆಳಮಟ್ಟದ ಕೀಬೋರ್ಡ್ ಹುಕ್. ಪ್ರತಿ ಕೀ ಒತ್ತಿದಾಗಲೂ ವಿಂಡೋಸ್ ಮೊದಲು ನಿಮ್ಮ ಫಂಕ್ಷನ್ ಅನ್ನು ಕೇಳುತ್ತದೆ: ಬಿಡಲಾ, ನುಂಗಲಾ? ಇದಕ್ಕೆ ಉತ್ತರ ಕೊಡಲು ಒಂದು ಗಡುವು ಇದೆ, ಸೆಕೆಂಡಿನ ಒಂದು ಚೂರು ಅಷ್ಟೇ. ಗಡುವು ಮೀರಿದರೆ ವಿಂಡೋಸ್ 7ರಿಂದ ಈಚೆಗೆ ಸಿಸ್ಟಮ್ ನಿಮ್ಮ ಹುಕ್ ಅನ್ನು ಸದ್ದಿಲ್ಲದೆ ಕಿತ್ತುಹಾಕಬಹುದು. ಕಿತ್ತದ್ದು ನಿಮ್ಮ ಪ್ರೋಗ್ರಾಮ್‌ಗೆ ಗೊತ್ತೂ ಆಗುವುದಿಲ್ಲ. ಈಗ ಯೋಚಿಸಿ. 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್‌ಡಿಸ್ಕ್ ಇರುವ ಲ್ಯಾಬ್ ಕಂಪ್ಯೂಟರ್. ಪರೀಕ್ಷೆ ಶುರುವಾಗುವ ಹೊತ್ತಿಗೆ ಆಂಟಿವೈರಸ್ ಸ್ಕ್ಯಾನ್ ನಡೆದಿದೆ. ಎಲೆಕ್ಟ್ರಾನ್‌ನ ಮುಖ್ಯ ಥ್ರೆಡ್‌ನಲ್ಲೇ (ಒಂದಾದ ಮೇಲೊಂದು ಕೆಲಸ ನಡೆಯುವ ಸಾಲು) ಹುಕ್ ಇಟ್ಟಿದ್ದರೆ, ಅದೇ ಥ್ರೆಡ್‌ನಲ್ಲಿ ನಿಮ್ಮ ಜಾವಾಸ್ಕ್ರಿಪ್ಟ್ ಕೂಡ ಓಡುತ್ತಿರುತ್ತದೆ. ಒಂದು ಫೈಲ್ ಓದುವಾಗ ಒಂದು ಕ್ಷಣ ಸಿಕ್ಕಿಕೊಂಡರೆ ಸಾಕು, ಬೀಗ ಬಿದ್ದುಹೋಗುತ್ತದೆ. ಆಲ್ಟ್-ಟ್ಯಾಬ್ ಕೆಲಸ ಮಾಡುತ್ತಿದೆ ಅಂತ ಮೊದಲು ಕಂಡುಹಿಡಿಯುವವನು ಹಿಂದಿನ ಬೆಂಚಿನ ಹುಡುಗ.

ಇದಕ್ಕೆ ಪರಿಹಾರ ಇದೆ. ಹುಕ್‌ಗೇ ಒಂದು ಪ್ರತ್ಯೇಕ ಥ್ರೆಡ್ ಕೊಡಿ. ಅದು ಕೀ ನೋಡಿ ಹೌದು-ಅಲ್ಲ ಎನ್ನುವುದು ಬಿಟ್ಟು ಬೇರೇನೂ ಮಾಡಬಾರದು, ಲಾಗ್ ಕೂಡ ಬರೆಯಬಾರದು. ಆಗಾಗ ಹುಕ್ ತೆಗೆದು ಮತ್ತೆ ಹಾಕುತ್ತಿರಿ. ಇದನ್ನು ಎಲೆಕ್ಟ್ರಾನ್‌ನಲ್ಲೂ ಮಾಡಬಹುದು, ಸಿ++ನಲ್ಲಿ ಒಂದು ನೇಟಿವ್ ಮಾಡ್ಯೂಲ್ ಬರೆದು. ಆದರೆ ಆಗ ನೀವು ನೇಟಿವ್ ಕೋಡನ್ನೇ ಬರೆದ ಹಾಗಾಯಿತು, ಜೊತೆಗೆ ಎಲೆಕ್ಟ್ರಾನ್‌ನ ಭಾರವೂ ಉಳಿಯಿತು. ಇನ್ನು ಕಂಟ್ರೋಲ್-ಆಲ್ಟ್-ಡಿಲೀಟ್ ಯಾವ ಹುಕ್‌ಗೂ ಸಿಗುವುದಿಲ್ಲ, ಬೇಕೆಂದೇ ಹಾಗೆ ಮಾಡಿದ್ದಾರೆ. ಅದರ ಪರದೆಯಿಂದ ಟಾಸ್ಕ್ ಮ್ಯಾನೇಜರ್ ಸಿಗದಂತೆ ಲ್ಯಾಬ್‌ನ ಅಡ್ಮಿನ್ ಪಾಲಿಸಿಯಲ್ಲಿ ಕಟ್ಟಬೇಕು. ಪರದೆ ಕಾಪಿ ಆಗದಂತೆ ತಡೆಯುವ ಸೌಲಭ್ಯ ವಿಂಡೋಸ್‌ನಲ್ಲೂ ಇದೆ, ಆಂಡ್ರಾಯ್ಡ್‌ನಲ್ಲೂ ಇದೆ. ಎರಡೂ ಒಂದೊಂದು ಸಾಲಿನ ಕರೆ, ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಆಂಡ್ರಾಯ್ಡ್‌ನಲ್ಲಿ ಕಥೆಯೇ ಬೇರೆ. ಅಲ್ಲಿ ಫೋನನ್ನು ಒಂದು ಆ್ಯಪ್‌ಗೆ ಕಟ್ಟಿಹಾಕುವ ‘ಲಾಕ್ ಟಾಸ್ಕ್’ ಎನ್ನುವ ವ್ಯವಸ್ಥೆ ಆಂಡ್ರಾಯ್ಡ್ 5.0ರಿಂದ ಇದೆ. ಆದರೆ ಅದು ಪೂರ್ತಿ ಬೀಗ ಆಗಬೇಕಾದರೆ ನಿಮ್ಮ ಆ್ಯಪ್ ಆ ಫೋನಿನ ‘ಡಿವೈಸ್ ಓನರ್’, ಅಂದರೆ ಇಡೀ ಫೋನಿನ ಮೇಲೆ ಅಧಿಕಾರ ಪಡೆದ ಆ್ಯಪ್, ಆಗಿರಬೇಕು, ಅಥವಾ ಡಿವೈಸ್ ಓನರ್ ಆಗಿರುವ ಇನ್ನೊಂದು ಆ್ಯಪ್ ಅದಕ್ಕೆ ಅನುಮತಿ ಕೊಟ್ಟಿರಬೇಕು. ಸಾಮಾನ್ಯವಾಗಿ ಅದಕ್ಕೆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಹೊಸದಾಗಿ ಹೊಂದಿಸಬೇಕು. ಕಾಲೇಜಿನ ಟ್ಯಾಬ್ಲೆಟ್‌ಗೆ ಇದು ಸರಿ. ವಿದ್ಯಾರ್ಥಿಯ ಸ್ವಂತ ಫೋನಿಗೆ ಇದನ್ನು ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಸ್ವಂತ ಫೋನಿನಲ್ಲಿ ಸಿಗುವುದು ಪರದೆ ಪಿನ್ ಮಾಡುವುದು ಮಾತ್ರ. ಅದರಿಂದ ಹೊರಬರುವ ವಿಧಾನವನ್ನು ಫೋನೇ ಹೇಳಿಕೊಡುತ್ತದೆ. ಹಾಗಾಗಿ ಫೋನಿನಲ್ಲಿ ನಿಮ್ಮ ಬ್ರೌಸರ್ ತಡೆಯುವುದಿಲ್ಲ, ಹೊರಗೆ ಹೋದದ್ದನ್ನು ಗುರುತು ಹಾಕಿಕೊಳ್ಳುತ್ತದೆ ಅಷ್ಟೇ. ಇದನ್ನು ಕೋಚಿಂಗ್ ಸೆಂಟರ್‌ನವರಿಗೆ ಮೊದಲೇ ಬಾಯಿಬಿಟ್ಟು ಹೇಳಿ. ಮನೆಯಿಂದ ಫೋನಿನಲ್ಲಿ ಬರೆಯುವುದು ಅಭ್ಯಾಸಕ್ಕೆ, ಲ್ಯಾಬ್‌ನಲ್ಲಿ ಬರೆಯುವುದು ರ‍್ಯಾಂಕ್‌ಗೆ ಎಂದು ಬೇರೆ ಮಾಡಿದರೆ ಅರ್ಧ ಜಗಳ ಕಡಿಮೆ.

ನೋಡಿ, ಒಂದು ಕಡೆ ತಡೆಯುವುದು, ಇನ್ನೊಂದು ಕಡೆ ಬರೀ ಗಮನಿಸುವುದು. ಎರಡರ ಅರ್ಥವೇ ಬೇರೆ ಇರುವಾಗ ‘ಬೀಗ ಹಾಕು’ ಅಂತ ಒಂದೇ ಫಂಕ್ಷನ್ ಬರೆದು ಒಳಗೆ ‘ವಿಂಡೋಸ್ ಆದರೆ ಹೀಗೆ, ಆಂಡ್ರಾಯ್ಡ್ ಆದರೆ ಹಾಗೆ’ ಎಂದು ಕವಲು ಹಾಕುತ್ತಾ ಹೋಗುವುದು ಸುಮ್ನೆ ತಲೆನೋವು.

ಈಗ ಎಂಜಿನ್. ಇದು ಬೇರೆಯೇ ಪ್ರಶ್ನೆ. ಇದನ್ನು ‘ನೇಟಿವ್ ಅಥವಾ ಹಂಚಿಕೆ’ ಜೊತೆ ಕಲಸಬೇಡಿ. ಎಂಜಿನ್ ಅನ್ನು ನೀವೇ ಹೊತ್ತುಕೊಂಡು ಹೋಗುತ್ತೀರಾ, ಅಥವಾ ಸಿಸ್ಟಮ್‌ನಲ್ಲಿ ಇರುವುದನ್ನೇ ಬಳಸುತ್ತೀರಾ? ಹೊತ್ತುಕೊಂಡರೆ ಎಲ್ಲಾ ಕಂಪ್ಯೂಟರ್‌ನಲ್ಲೂ ಒಂದೇ ಆವೃತ್ತಿ ಎನ್ನುವ ನೆಮ್ಮದಿ ಇದೆ. ಆದರೆ ಕ್ರೋಮ್ 2021ರಿಂದ ನಾಲ್ಕು ವಾರಕ್ಕೊಂದು ಹೊಸ ಆವೃತ್ತಿಯ ಲಯ ಹಿಡಿಯಿತು. ನಡುವೆ ಭದ್ರತೆಯ ತುರ್ತು ಪ್ಯಾಚ್‌ಗಳು ಬೇರೆ. ಅಷ್ಟೂ ಸಲ ನೀವು ಹೊಸ ಎಂಜಿನ್ ತುಂಬಿ, ಪರೀಕ್ಷಿಸಿ, ಗದಗದ ಲ್ಯಾಬ್‌ನ ಪ್ರತಿ ಕಂಪ್ಯೂಟರ್‌ಗೂ ಮುಟ್ಟಿಸಬೇಕು. ಮೂವರಿಂದ ಆಗುವುದಿಲ್ಲ. ಆಗುತ್ತದೆ ಅಂತ ಮೊದಲ ಎರಡು ತಿಂಗಳು ಅನಿಸುತ್ತದೆ.

ವಿಂಡೋಸ್‌ನಲ್ಲಿ ವೆಬ್‌ವ್ಯೂ2 ಇದೆ. ಎಡ್ಜ್‌ನ ಕ್ರೋಮಿಯಂ ಎಂಜಿನ್ನೇ ಅದು, ತನ್ನಷ್ಟಕ್ಕೆ ತಾನು ಅಪ್‌ಡೇಟ್ ಆಗುತ್ತದೆ. ಆಂಡ್ರಾಯ್ಡ್‌ನ ವೆಬ್‌ವ್ಯೂ 5.0ರಿಂದ ಪ್ಲೇ ಸ್ಟೋರ್ ಮೂಲಕ ಅಪ್‌ಡೇಟ್ ಆಗುತ್ತಿದೆ, ಅದೂ ಕ್ರೋಮಿಯಂ. ಅಂದರೆ ನಿಮ್ಮ ಎರಡು ಮುಖ್ಯ ವೇದಿಕೆಗಳಲ್ಲೂ ಹತ್ತಿರ ಹತ್ತಿರ ಒಂದೇ ಎಂಜಿನ್ ಪುಕ್ಕಟೆ ಸಿಗುತ್ತಿದೆ, ಅದನ್ನು ನೋಡಿಕೊಳ್ಳುವ ಕೆಲಸ ಬೇರೆಯವರದು. ಇದಕ್ಕಿಂತ ಒಳ್ಳೆಯ ಹಂಚಿಕೆಯ ಕೋಡ್ ಯಾವುದಿದೆ?

ಆದರೆ ಯಾರ ಎಂಜಿನ್ ಮೇಲೆ ಕೂರುತ್ತೀರೋ ಅವರು ಹೊರಗಿನವರಿಗೆ ಕೊಟ್ಟ ಬಾಗಿಲನ್ನು ತೆರೆದಿಡುತ್ತಾರಾ ಅಂತ ನೋಡಬೇಕು. ಕ್ಯಾಮಿನೊ ಎನ್ನುವ ಮ್ಯಾಕ್ ಬ್ರೌಸರ್‌ಗೆ ಆದದ್ದು ಇದೇ. 2002ರಲ್ಲಿ ಶುರುವಾಯಿತು. ಫೈರ್‌ಫಾಕ್ಸ್‌ನ ಗೆಕ್ಕೊ ಎಂಜಿನ್ ಒಳಗೆ, ಹೊರಗೆ ಅಚ್ಚುಕಟ್ಟಾದ ಮ್ಯಾಕ್ ಚೌಕಟ್ಟು. ಬಳಸುವವರಿಗೆ ಭಾಳ ಇಷ್ಟವಾಗಿತ್ತು. ಆದರೆ 2011ರಲ್ಲಿ ಮೊಜಿಲ್ಲಾ ಗೆಕ್ಕೊವನ್ನು ಬೇರೆ ಆ್ಯಪ್‌ಗಳ ಒಳಗೆ ಕೂರಿಸುವ ಬೆಂಬಲ ನಿಲ್ಲಿಸಿತು. ಸ್ವಯಂಸೇವಕರ ಸಣ್ಣ ತಂಡ ಬೇರೆ ಎಂಜಿನ್‌ಗೆ ಬದಲಾಗಲು ಆಗದೆ 2013ರಲ್ಲಿ ಕೈಚೆಲ್ಲಿತು. ಅವರ ನೇಟಿವ್ ಕೋಡ್‌ನಲ್ಲಿ ತಪ್ಪಿರಲಿಲ್ಲ, ಕೆಳಗಿನ ನೆಲ ಸರಿಯಿತು. ವೆಬ್‌ವ್ಯೂ2, ಆಂಡ್ರಾಯ್ಡ್ ವೆಬ್‌ವ್ಯೂ, ಆಪಲ್‌ನ ವೆಬ್‌ಕಿಟ್ ವ್ಯೂ ಮೂರನ್ನೂ ಅವುಗಳ ಒಡೆಯರು ಬೇರೆ ಆ್ಯಪ್‌ಗಳಿಗೆ ಅಂತಲೇ ಕೊಟ್ಟಿದ್ದಾರೆ. ಅಲ್ಲಿ ಈ ಭಯ ಕಡಿಮೆ.

ಹಳೆಯ ಲ್ಯಾಬ್ ಅಂದಿರಿ. ಅದರಲ್ಲಿ ಎಷ್ಟು ಯಂತ್ರಗಳಲ್ಲಿ ವಿಂಡೋಸ್ 7 ಇದೆ ಅಂತ ಈ ವಾರವೇ ಎಣಿಸಿ. ಕ್ರೋಮ್‌ಗೂ ವೆಬ್‌ವ್ಯೂ2ಗೂ ವಿಂಡೋಸ್ 7ರ ಮೇಲೆ 109ನೇ ಆವೃತ್ತಿಯೇ ಕೊನೆ, ಅದು 2023ರ ಜನವರಿಯದು. ಎಲೆಕ್ಟ್ರಾನ್‌ಗೂ 22ನೇ ಆವೃತ್ತಿ ಕೊನೆ. ಯಾವ ದಾರಿ ಹಿಡಿದರೂ ಅಲ್ಲಿ ಹೊಸ ಎಂಜಿನ್ ಸಿಗುವುದಿಲ್ಲ, ಆದ್ದರಿಂದ ‘ಎಲೆಕ್ಟ್ರಾನ್ ಆದರೆ ಹಳೆಯದರಲ್ಲೂ ಓಡುತ್ತೆ’ ಎನ್ನುವ ವಾದಕ್ಕೆ ಕಿವಿಗೊಡಬೇಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೂ ಅದರ ಕೊನೆಯ ಆವೃತ್ತಿಯಾದ 22ಎಚ್2ನಲ್ಲಿ ಎಡ್ಜ್ ಮತ್ತು ವೆಬ್‌ವ್ಯೂ2ಗೆ ಕನಿಷ್ಠ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಹಾಗಾಗಿ ವಿಂಡೋಸ್ 10 ಲ್ಯಾಬ್‌ಗಳನ್ನು ಒಪ್ಪಿಕೊಳ್ಳಿ. ವಿಂಡೋಸ್ 7 ಲ್ಯಾಬ್‌ಗಳಿಗೆ ಇಲ್ಲ ಅನ್ನಿ, ಅಥವಾ ಅಲ್ಲಿ ಬೀಗವಿಲ್ಲದ ಸಾಮಾನ್ಯ ಬ್ರೌಸರ್‌ನಲ್ಲಿ ಅಭ್ಯಾಸ ಪರೀಕ್ಷೆ ಮಾತ್ರ ಮಾಡಿ.

ಪುಟ ಮತ್ತು ಚೌಕಟ್ಟಿನ ನಡುವಿನ ಮಾತುಕತೆಯನ್ನು ಚಿಕ್ಕದಾಗಿ ಇಡಿ. ‘ಪರೀಕ್ಷೆ ಶುರು’, ‘ಬೀಗ ಹಾಕಿದೆ’, ‘ಹೊರಗೆ ಹೋದರು’, ‘ಬ್ಯಾಟರಿ ಇಷ್ಟು’, ‘ಮುಗಿಯಿತು’, ಹೀಗೆ ಒಂದು ಹಾಳೆಯಲ್ಲಿ ಹಿಡಿಯುವಷ್ಟು ಸಂದೇಶಗಳು ಸಾಕು. ಹೆಸರು ಮತ್ತು ಆಕಾರ ಎರಡೂ ಸಿಸ್ಟಮ್‌ನಲ್ಲಿ ಒಂದೇ ಇರಲಿ. ನಿಮ್ಮ ಸರ್ವರ್‌ನಿಂದ ಬಂದ ಪುಟ ಮಾತ್ರ ಈ ಸಂದೇಶ ಕಳಿಸಲು ಆಗಬೇಕು, ಬೇರೆ ವಿಳಾಸಕ್ಕೆ ಬಾಗಿಲು ಮುಚ್ಚಿರಬೇಕು.

ಕರೆಂಟ್ ಹೋಗುವ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ‘ಉತ್ತರ ಉಳಿಸಲು ನೇಟಿವ್ ಡೇಟಾಬೇಸ್ ಬೇಕೇ ಬೇಕು’ ಎನ್ನುವವರಿದ್ದಾರೆ. ಬೇಡ. ಬ್ರೌಸರ್ ತಾನೇ ವೆಬ್ ಪುಟಕ್ಕೆ ಕೊಡುವ ಡೇಟಾಬೇಸ್ ಆದ ಇಂಡೆಕ್ಸ್‌ಡ್ ಡಿಬಿ ಸಾಕು, ಒಂದು ಎಚ್ಚರದೊಂದಿಗೆ. ಕ್ರೋಮ್ 121ರಿಂದ ಅದು ಬರೆದದ್ದನ್ನು ಆಪರೇಟಿಂಗ್ ಸಿಸ್ಟಮ್ ಕೈಗೆ ಕೊಟ್ಟ ತಕ್ಷಣ ‘ಆಯಿತು’ ಎನ್ನುತ್ತದೆ, ಡಿಸ್ಕ್‌ಗೆ ಇಳಿಯುವ ತನಕ ಕಾಯುವುದಿಲ್ಲ. ಯುಪಿಎಸ್ ಇಲ್ಲದ ಲ್ಯಾಬ್‌ನಲ್ಲಿ ಆ ನಡುವೆ ಕರೆಂಟ್ ಹೋದರೆ ಕೊನೆಯ ಉತ್ತರ ಹೋಯಿತು. ಟ್ರಾನ್ಸಾಕ್ಷನ್ ತೆರೆಯುವಾಗ ಡ್ಯುರಬಿಲಿಟಿ ‘ಸ್ಟ್ರಿಕ್ಟ್’ ಎಂದು ಕೇಳಿದರೆ ಅದು ಡಿಸ್ಕ್‌ವರೆಗೆ ಕಾಯುತ್ತದೆ. ಸ್ವಲ್ಪ ನಿಧಾನ, ಆದರೆ ಒಂದು ಉತ್ತರಕ್ಕೆ ಒಂದು ಸಲ ಬರೆಯುವುದಕ್ಕೆ ಯಾರಿಗೂ ಗೊತ್ತಾಗುವುದಿಲ್ಲ. ಉಳಿದ ಸಮಯದ ಲೆಕ್ಕ ಮಾತ್ರ ಸರ್ವರ್‌ನದೇ ಇರಲಿ. ಲ್ಯಾಬ್ ಕಂಪ್ಯೂಟರ್‌ನ ಗಡಿಯಾರವನ್ನು ನಂಬಬೇಡಿ.

ಹಂಚಿಕೊಳ್ಳಲೇಬೇಕಾದ್ದು ಒಂದಿದೆ, ಅದು ಕೋಡ್ ಅಲ್ಲ. ಸ್ವಿಟ್ಜರ್‌ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯ ಬೆಳೆಸಿದ ಸೇಫ್ ಎಗ್ಸಾಮ್ ಬ್ರೌಸರ್ ನಿಮ್ಮಂಥದೇ ಸಾಧನ. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್‌ನಲ್ಲಿ ಅದು ಸಿ ಶಾರ್ಪ್ ಭಾಷೆಯಲ್ಲಿದೆ, ಒಳಗೆ ಕ್ರೋಮಿಯಂ. ಅದಕ್ಕೂ ಮುಂಚಿನ ಆವೃತ್ತಿ ಫೈರ್‌ಫಾಕ್ಸ್‌ನ ಎಂಜಿನ್ ಮೇಲಿತ್ತು. ಮ್ಯಾಕ್ ಮತ್ತು ಐಪ್ಯಾಡ್‌ನಲ್ಲಿ ಬೇರೆಯೇ ಕೋಡ್, ಒಳಗೆ ವೆಬ್‌ಕಿಟ್. ಕೋಡ್ ಬೇರೆ ಬೇರೆ ಇದ್ದರೂ ಪರೀಕ್ಷೆಯ ಸೆಟ್ಟಿಂಗ್ಸ್ ಫೈಲ್‌ನ ರೂಪ ಎಲ್ಲಾ ಕಡೆ ಒಂದೇ. ಆ ಸೆಟ್ಟಿಂಗ್ಸ್‌ನ ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಿ, ಜೇಸನ್ ಎನ್ನುವ ಪಠ್ಯರೂಪಕ್ಕೆ ತಂದು, ಎಸ್‌ಎಚ್‌ಎ-256 ಹ್ಯಾಶ್ (ಒಂದು ಅಕ್ಷರ ಬದಲಾದರೂ ತಾನೂ ಬದಲಾಗುವ, ಬೆರಳಚ್ಚಿನಂಥ ಸಂಖ್ಯೆ) ತೆಗೆದು ‘ಕಾನ್ಫಿಗ್ ಕೀ’ ಮಾಡುತ್ತಾರೆ. ಆ ಕೀಯನ್ನು ಪುಟದ ವಿಳಾಸದ ಜೊತೆ ಸೇರಿಸಿ ಮತ್ತೆ ಹ್ಯಾಶ್ ಮಾಡಿ ಸರ್ವರ್‌ಗೆ ಮುಟ್ಟಿಸುತ್ತಾರೆ. ಸರ್ವರ್ ತಾನೂ ಲೆಕ್ಕ ಹಾಕಿ ಹೋಲಿಸುತ್ತದೆ. ಸೆಟ್ಟಿಂಗ್ಸ್ ಯಾರಾದರೂ ತಿದ್ದಿದ್ದರೆ ಹೊಂದುವುದಿಲ್ಲ. ಇದು ನಡೆಯಬೇಕಾದರೆ ಎರಡು ಸಿಸ್ಟಮ್‌ಗಳ ಕೋಡ್ ಒಂದೇ ಆಗಿರಬೇಕಿಲ್ಲ. ಇಬ್ಬರೂ ಒಂದೇ ನಿಯಮ ಓದಿ, ಒಂದೇ ಉದಾಹರಣೆಗಳಿಗೆ ಒಂದೇ ಉತ್ತರ ಕೊಟ್ಟರೆ ಸಾಕು.

ನೀವೂ ಹೀಗೇ ಮಾಡಿ. ನಿಯಮವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಸ್ಪಷ್ಟವಾಗಿ ಬರೆಯಿರಿ. ಜೊತೆಗೆ ಇನ್‌ಪುಟ್ ಮತ್ತು ಬರಬೇಕಾದ ಹ್ಯಾಶ್ ಇರುವ ಒಂದು ಫೈಲ್ ಇಡಿ. ವಿಂಡೋಸ್ ಮತ್ತು ಆಂಡ್ರಾಯ್ಡ್ ಎರಡರ ಬಿಲ್ಡ್‌ನಲ್ಲೂ ಅದೇ ಫೈಲ್ ಓಡಿಸಿ.

ಆ ಫೈಲ್‌ನಲ್ಲಿ ಕನ್ನಡದ ಹೆಸರುಗಳು ಇರಲೇಬೇಕು. ಯೂನಿಕೋಡ್‌ನಲ್ಲಿ ಕೆಲವು ಕನ್ನಡ ಸ್ವರಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು. ಏತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ ಮತ್ತು ದೀರ್ಘಚಿಹ್ನೆ ಎಂದು ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ‘ಹಾವೇರಿ’ ಎಂಬ ಹೆಸರು ಕೂಡಿಸಿ ಬರೆದರೆ 6 ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್. ಬಿಡಿಸಿ ಬರೆದರೆ 7 ಸಂಕೇತ, 21 ಬೈಟ್. ಹ್ಯಾಶ್ ಪೂರ್ತಿ ಬೇರೆ. ‘ಗದಗ’ದಲ್ಲಿ ಸ್ವರಚಿಹ್ನೆಯೇ ಇಲ್ಲ, ಹಾಗಾಗಿ ಅಲ್ಲಿ ಏನೂ ಆಗುವುದಿಲ್ಲ. ಅಂದರೆ ಗದಗದ ಕೇಂದ್ರದಲ್ಲಿ ಎಲ್ಲ ಸರಿಯಾಗಿ ನಡೆದು, ಹಾವೇರಿ ಕೇಂದ್ರದಲ್ಲಿ ಮಾತ್ರ ‘ಸೆಟ್ಟಿಂಗ್ಸ್ ಬದಲಾಗಿದೆ’ ಅಂತ ಬರಬಹುದು. ಯಾರಿಗಾದರೂ ಕಾರಣ ಹೊಳೆಯುತ್ತಾ? ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ವಿಂಡೋಸ್ ಕೊಟ್ಟದ್ದನ್ನು ಕೊಟ್ಟ ಹಾಗೇ ಇಡುತ್ತದೆ. ಹ್ಯಾಶ್ ಮಾಡುವ ಮುಂಚೆ ಎಲ್ಲವನ್ನೂ ಎನ್‌ಎಫ್‌ಸಿ ಎನ್ನುವ ಕೂಡಿಸಿದ ರೂಪಕ್ಕೆ ತನ್ನಿ. ಸಿ ಶಾರ್ಪ್, ಕಾಟ್ಲಿನ್, ಜಾವಾಸ್ಕ್ರಿಪ್ಟ್ ಮೂರರಲ್ಲೂ ಇದಕ್ಕೆ ಸಿದ್ಧ ಫಂಕ್ಷನ್ ಇದೆ.

ಕನ್ನಡದ ಇನ್ನೆರಡು ವಿಷಯ ಇದೆ. ವಿಂಡೋಸ್ ಕೀ ತಡೆದಿರಿ ಅಂದುಕೊಳ್ಳಿ. ಆಗ ವಿಂಡೋಸ್-ಸ್ಪೇಸ್ ಒತ್ತಿ ಇಂಗ್ಲಿಷ್ ಕೀಬೋರ್ಡ್‌ನಿಂದ ಕನ್ನಡಕ್ಕೆ ಬದಲಾಯಿಸುವುದೂ ನಿಂತುಹೋಗುತ್ತದೆ. ವಿವರಣೆ ಬರೆಯುವ ಪ್ರಶ್ನೆ ಬಂದಾಗ ವಿದ್ಯಾರ್ಥಿ ಸಿಕ್ಕಿಬೀಳುತ್ತಾನೆ. ನಿಮ್ಮ ಚೌಕಟ್ಟಿನಲ್ಲೇ ಭಾಷೆ ಬದಲಿಸುವ ಗುಂಡಿ ಕೊಡಿ. ಇದು ಒಂದು ಸಾಲಿನ ಕೆಲಸ ಅಲ್ಲ, ಏಕೆಂದರೆ ವೆಬ್‌ವ್ಯೂ2 ಬೇರೆ ಪ್ರೊಸೆಸ್‌ನಲ್ಲಿ ಓಡುತ್ತದೆ, ಅದರ ಕಿಟಕಿಗೂ ಬದಲಾವಣೆ ಮುಟ್ಟಬೇಕು. ನುಡಿಯಂಥ ಕೀಲಿಮಣೆ ತಂತ್ರಾಂಶ ಬಳಸುವವರಿದ್ದರೆ ಅದನ್ನು ಅನುಮತಿಯ ಪಟ್ಟಿಯಲ್ಲಿ ಸೇರಿಸಿ, ಮತ್ತು ನಿಮ್ಮ ಹುಕ್ ಅದರ ಜೊತೆ ಜಗಳ ಆಡುತ್ತಿಲ್ಲ ಅಂತ ಕೂತು ಪರೀಕ್ಷಿಸಿ. ವಿಂಡೋಸ್ 10ರಲ್ಲಿ 2019ರ ಅಪ್‌ಡೇಟ್‌ನಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಸಿಸ್ಟಮ್‌ನಲ್ಲೇ ಇದೆ. ಹೊಸದಾಗಿ ಕಲಿಯುವವರಿಗೆ ಅದೇ ಸುಲಭ. ಕಣ್ಣು ಕಾಣದ ಅಭ್ಯರ್ಥಿಗಳು ಬಳಸುವ, ಪರದೆಯನ್ನು ಓದಿ ಹೇಳುವ ತಂತ್ರಾಂಶ ಎನ್‌ವಿಡಿಎಯನ್ನೂ ಆ ಪಟ್ಟಿಯಲ್ಲಿ ಮರೆಯಬೇಡಿ.

ಅಕ್ಷರ ಕಾಣುವ ರೀತಿಗೆ ಬಂದರೆ, ಕ್ರೋಮಿಯಂ ಎಲ್ಲಿದ್ದರೂ ಒತ್ತಕ್ಷರ ಜೋಡಿಸುವುದು ಹಾರ್ಫ್‌ಬಝ್ ಎನ್ನುವ ಒಂದೇ ಲೈಬ್ರರಿ. ಆದರೆ ಫಾಂಟ್ ಬೇರೆ: ವಿಂಡೋಸ್‌ನಲ್ಲಿ ನಿರ್ಮಲಾ ಅಥವಾ ತುಂಗಾ, ಆಂಡ್ರಾಯ್ಡ್‌ನಲ್ಲಿ ನೋಟೊ. ಸಾಲು ಮುರಿಯುವ ಜಾಗ ಬದಲಾಗಿ ಪ್ರಶ್ನೆಯ ಚಿತ್ರ ಕೆಳಗೆ ಜಾರುತ್ತದೆ. ಒಂದು ಫಾಂಟ್ ಅನ್ನು ಪುಟದ ಜೊತೆಗೇ ಕಳಿಸಿ. ಕೋಚಿಂಗ್ ಸೆಂಟರ್‌ಗಳ ಹಳೆಯ ಪ್ರಶ್ನೆಗಳು ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿದ್ದರೆ ಸರ್ವರ್‌ನಲ್ಲಿ ಒಮ್ಮೆ ಬದಲಿಸಿಬಿಡಿ. ಬದಲಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಂದ ನೋಡಿ. ಹಳೆಯ ಫಾಂಟ್‌ಗಳಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ತಪ್ಪುವುದು ಅಲ್ಲೇ.

ರಸ್ಟ್‌ನಲ್ಲಿ ಒಂದು ಹಂಚಿಕೆಯ ತಿರುಳು ಬರೆಯೋಣವಾ ಅಂತ ನಿಮ್ಮ ತಂಡದಲ್ಲಿ ಯಾರಾದರೂ ಆಸೆಪಟ್ಟರೆ ಈಗ ಬೇಡ ಅನ್ನುತ್ತೇನೆ. ಮೊಜಿಲ್ಲಾಗೆ ಅದು ಹೊಂದಿತು, ಏಕೆಂದರೆ ಸಿಂಕ್‌ನಂಥ ದೊಡ್ಡ, ನಾಜೂಕಾದ ಲೆಕ್ಕ ಅವರಲ್ಲಿದೆ. ಡ್ರಾಪ್‌ಬಾಕ್ಸ್ ಐಫೋನ್ ಮತ್ತು ಆಂಡ್ರಾಯ್ಡ್ ನಡುವೆ ಸಿ++ ಕೋಡ್ ಹಂಚುವ ದಾರಿ ಹಿಡಿದು, ಅದನ್ನು ಬಿಟ್ಟದ್ದನ್ನು 2019ರಲ್ಲಿ ಬಹಿರಂಗವಾಗಿಯೇ ಹೇಳಿತು. ಹಂಚಿಕೆಗೆ ಬೇಕಾದ ಸಾಧನಗಳನ್ನು ತಾವೇ ಕಟ್ಟಿ ಕಾಯಬೇಕಾದ್ದು, ಅಂಥ ಕೆಲಸ ಬಲ್ಲವರು ಸಿಗದೇ ಇದ್ದದ್ದು ಅವರಿಗೇ ಭಾರವಾಯಿತು. ಹುಬ್ಬಳ್ಳಿಯಲ್ಲಿ ಕಾಟ್ಲಿನ್ ಬಲ್ಲವರು ಸಿಗುತ್ತಾರೆ, ಸಿ ಶಾರ್ಪ್ ಬಲ್ಲವರೂ ಸಿಗುತ್ತಾರೆ. ಎರಡನ್ನೂ ರಸ್ಟ್‌ಗೆ ಹೊಲಿಯಬಲ್ಲವರು ಸಿಕ್ಕರೂ ಬೆಂಗಳೂರಿಗೆ ಹೋಗಿಬಿಡುತ್ತಾರೆ.

ಮ್ಯಾಕ್ ಲ್ಯಾಬ್ ಇರುವ ಒಂದು ಕಾಲೇಜಿಗೆ ನೀವು ಕೋಡ್ ಬರೆಯಬೇಡಿ. ಅಲ್ಲಿ ಸೇಫ್ ಎಗ್ಸಾಮ್ ಬ್ರೌಸರ್ ಹಾಕಿ, ನಿಮ್ಮ ಸರ್ವರ್‌ನಲ್ಲಿ ಅದರ ಕಾನ್ಫಿಗ್ ಕೀ ಪರಿಶೀಲಿಸಿ. ಪುಟ ನಿಮ್ಮದೇ ಇರುವುದರಿಂದ ವಿದ್ಯಾರ್ಥಿಗೆ ವ್ಯತ್ಯಾಸ ಹೆಚ್ಚು ಕಾಣುವುದಿಲ್ಲ. ಒಂದೇ ಎಚ್ಚರ, ಅಲ್ಲಿ ಸಫಾರಿಯ ಎಂಜಿನ್ ಆದ ವೆಬ್‌ಕಿಟ್ ಇರುವುದರಿಂದ ಪುಟವನ್ನು ಸಫಾರಿಯಲ್ಲಿ ಮುಂಚೆಯೇ ಓಡಿಸಿ ನೋಡಿ. ನಿಜ ಹೇಳಬೇಕೆಂದರೆ ವಿಂಡೋಸ್ ಲ್ಯಾಬ್‌ಗಳಿಗೂ ಮೊದಲ ಕೆಲವು ಪರೀಕ್ಷೆಗಳನ್ನು ಅದರಲ್ಲೇ ನಡೆಸಿ. ಅದಕ್ಕೆ ಅಧಿಕೃತ ಆಂಡ್ರಾಯ್ಡ್ ಆವೃತ್ತಿ ಇಲ್ಲ, ನಿಮ್ಮ ಸ್ವಂತ ಬೆವರು ಮೊದಲು ಅಲ್ಲಿ ಹರಿಯಲಿ. ವಿಂಡೋಸ್‌ಗೆ ನಿಮ್ಮದೇ ಬೇಕಾ ಬೇಡವಾ ಅನ್ನುವುದು ಒಂದು ಸೀಸನ್ ಕಳೆದ ಮೇಲೆ ತಾನೇ ಗೊತ್ತಾಗುತ್ತದೆ.

ಬೇಕು ಅಂತಾದರೆ ಕೋಡ್ ಸೈನಿಂಗ್, ಅಂದರೆ ಪ್ರೋಗ್ರಾಮ್ ನಿಮ್ಮದೇ ಎಂದು ತೋರಿಸುವ ಡಿಜಿಟಲ್ ಸಹಿ, ಅದರ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಕೀಬೋರ್ಡ್‌ಗೆ ಹುಕ್ ಹಾಕುವ, ಸಹಿಯಿಲ್ಲದ ಪ್ರೋಗ್ರಾಮ್ ಆಂಟಿವೈರಸ್ ಕಣ್ಣಿಗೆ ಪಾಸ್‌ವರ್ಡ್ ಕದಿಯುವ ಕಳ್ಳನ ಹಾಗೇ ಕಾಣುತ್ತದೆ. 2023ರ ಜೂನ್‌ನಿಂದ ಸೈನಿಂಗ್ ಸರ್ಟಿಫಿಕೇಟ್‌ನ ಖಾಸಗಿ ಕೀ ಯುಎಸ್‌ಬಿ ಟೋಕನ್‌ನಂಥ ಹಾರ್ಡ್‌ವೇರ್‌ನಲ್ಲೇ ಇರಬೇಕು ಎನ್ನುವ ನಿಯಮ ಇದೆ, ಮೊದಲಿನ ಹಾಗೆ ಫೈಲ್ ಆಗಿ ಸಿಗುವುದಿಲ್ಲ. ಆ ಟೋಕನ್ ಒಬ್ಬರ ಬ್ಯಾಗಿನಲ್ಲಿ ಇದ್ದು, ಅವರು ಊರಿಗೆ ಹೋದ ದಿನವೇ ತುರ್ತು ತಿದ್ದುಪಡಿ ಬಿಡಬೇಕಾದರೆ ಕಷ್ಟ. ಕ್ಲೌಡ್‌ನಲ್ಲಿ ಸಹಿ ಮಾಡುವ ಸೇವೆಯ ದರವನ್ನೂ ಕೇಳಿಟ್ಟುಕೊಳ್ಳಿ.